ಲೆಕ್ಕಕ್ಕೆ ಬಾರದ ಕೂಸುಗಳು: ಘಟಪ್ರಭೆಯ ಆಸುಪಾಸಿನ ಕಾಳಗಗಳ ಕುರಿತು ಒಂದು ಟಿಪ್ಪಣಿ

ಈ ಟಿಪ್ಪಣಿಗೆ ಕಾರಣ ಒಂದು ಪ್ರಶ್ನೆ. ಮೂಡಲಗಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ‘ಹಲಗಲಿ ಬೇಡರು’ ಲಾವಣಿಯ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದರು. ಹತ್ತನೆಯ ತರಗತಿಯ ಪಠ್ಯದಲ್ಲಿರುವ ಲಾವಣಿ ಅದು; ಹುಡುಗರಿಗೆ ಅರ್ಧ ಬಾಯಿಪಾಠವೇ ಆಗಿತ್ತು. ನಿಶ್ಶಸ್ತ್ರೀಕರಣದ ಕಾಯ್ದೆ, ಬೇಡರ ಹಟ, ಕುದುರೆ ದಂಡು, ಊರಿಗೆ ಬಿದ್ದ ಬೆಂಕಿ, ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ, ಊರಿಗೆ ಬೆಂಕಿ ಹಚ್ಚಿದಾಗ ಸಣ್ಣ ಹುಡುಗೂರು ಎಲ್ಲಿದ್ವರಿ?” ಎಂದಳು. “ಪುಸ್ತಕದಾಗ ಇಲ್ಲವಾ” ಎಂದೆ. ಅವಳು ಕೂತಳು. ನನಗೆ ಮಾತ್ರ ಅವತ್ತಿನಿಂದ ಆ ಪ್ರಶ್ನೆ ಬಿಟ್ಟಿಲ್ಲ.

ಹಲಗಲಿ ಈಗ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಊರು. ಗೋಕಾಕದ ಬಂಡೆಗಳಿಂದ ಧುಮುಕಿ, ಮೂಡಲಗಿಯ ಸೀಮೆ ದಾಟಿ ಬರುವ ಘಟಪ್ರಭೆ ಮುಧೋಳದ ಪಕ್ಕದಲ್ಲೇ ಹರಿಯುತ್ತದೆ. ಜಿಲ್ಲೆ ಬೇರೆಯಾದರೂ ಮಾತು, ಸಂತೆ, ಬೀಗತನ ಎಲ್ಲ ಒಂದೇ. 1857ರಲ್ಲಿ ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿತ್ತು. ಆಯುಧ ಒಪ್ಪಿಸಬೇಕೆಂಬ ಆಜ್ಞೆಯನ್ನು ಹಲಗಲಿಯ ಬೇಡರು ಧಿಕ್ಕರಿಸಿದರು. ನವೆಂಬರ್ ಕೊನೆಗೆ ಬ್ರಿಟಿಷ್ ಅಧಿಕಾರಿ ಮಾಲ್ಕಮ್‌ನ ಕುದುರೆ ದಂಡು, ಅದರ ಬೆನ್ನಿಗೆ ಸೇಟನ್ ಕರ್‌ನ ಕಾಲಾಳು ಪಡೆ ಬಂದು ಊರನ್ನು ಮುತ್ತಿದವು, ಬೆಂಕಿ ಇಟ್ಟವು. ಸತ್ತವರು ಸುಮಾರು 100, ಸೆರೆಸಿಕ್ಕವರು 290. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಗ್ಯಾಝೆಟಿಯರಿನ ಕಾಲದಿಂದ ಈಚಿನ ಪಠ್ಯಪುಸ್ತಕದವರೆಗೆ ಸಾಮಾನ್ಯವಾಗಿ ಒಪ್ಪಿಕೊಂಡು ಬಂದ ಲೆಕ್ಕ ಇದು.

ಈ ಲೆಕ್ಕದಲ್ಲಿ ತಲೆ ಉಂಟು, ವಯಸ್ಸಿಲ್ಲ. ಗಲ್ಲಿಗೇರಿದ ಹತ್ತೊಂಬತ್ತು ಜನರನ್ನು ಸರಕಾರ ಎಣಿಸಿದ್ದು ಶಿಕ್ಷೆ ಜಾರಿಯಾಯಿತೆಂಬ ದಾಖಲೆಗೆ; ಸೆರೆಯ 290 ಜನರನ್ನು ಎಣಿಸಿದ್ದು ದಂಡಿನ ಕೆಲಸ ಮುಗಿಯಿತೆಂಬ ವರದಿಗೆ. ಒಂದು ಊರಿಗೆ ಬೆಂಕಿ ಬಿದ್ದರೆ ಅಲ್ಲಿ ತೊಟ್ಟಿಲು ಇದ್ದೇ ಇರುತ್ತದೆ. ಆದರೆ ತೊಟ್ಟಿಲಿಗೆ ವರದಿಯಲ್ಲಿ ಕಾಲಂ ಇಲ್ಲ.

ಲಾವಣಿ ಈ ವಿಷಯದಲ್ಲಿ ವರದಿಗಿಂತ ಒಂದು ಹೆಜ್ಜೆ ಮುಂದಿದೆ ಎಂಬುದು ನನ್ನ ಅಭಿಪ್ರಾಯ. 1880ರ ದಶಕದಲ್ಲಿ ಫ್ಲೀಟ್ ಸಾಹೇಬ ಈ ಕಡೆಯ ಲಾವಣಿಗಳನ್ನು ಕೂಡಿಹಾಕಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ. ಹಲಗಲಿಯ ಲಾವಣಿಯಲ್ಲಿ ಬೇಡ ವೀರರಾದ ಜಡಗ, ಬಾಲರ ಶೌರ್ಯ ಮುಗಿದ ಮೇಲೆ, ಊರಿನಿಂದ ಏನೇನು ಹೋಯಿತು ಎಂಬ ಪಟ್ಟಿ ಬರುತ್ತದೆ. ಪಾಠ ಮಾಡುವವರು ಸಾಮಾನ್ಯವಾಗಿ ಈ ಭಾಗವನ್ನು ಬೇಗ ಓದಿ ದಾಟಿಬಿಡುತ್ತಾರೆ. ಅಲ್ಲಿ ನಿಧಾನಿಸಬೇಕು. ಕೊಡಲಿ, ಕುಡದಂಥ ಕಬ್ಬಿಣದ ಸಾಮಾನು ಹೋದದ್ದು ತಿಳಿಯುತ್ತದೆ. ಅವು ಆಯುಧಕ್ಕೆ ಹತ್ತಿರದವು. ಅದರ ಜೊತೆಗೇ ಹಾಲು, ಮೊಸರು, ಬೆಣ್ಣೆ ಹೋಗುತ್ತವೆ. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ ಹೋಗುತ್ತವೆ. ಉಣ್ಣುವ ಗಂಗಾಳ ಹೋಗುತ್ತದೆ, ನೀರಿನ ಚರಗಿ ಹೋಗುತ್ತದೆ, ಮಂಗಳಸೂತ್ರ ಹೋಗುತ್ತದೆ, ಕೊನೆಗೆ ಬೀಸುಕಲ್ಲೂ ಹೋಗುತ್ತದೆ. ಬೀಸುಕಲ್ಲನ್ನು ಯಾವ ಸಿಪಾಯಿ ಹೊತ್ತಾನು? ಪ್ರಾಸಕ್ಕಾಗಿ ಬಂದ ಪದಗಳೂ ಇದರಲ್ಲಿ ಇರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಪಟ್ಟಿ ನಡೆಯುವ ದಾರಿ ನೋಡಿ: ಅಂಗಳದಿಂದ ಒಳಗೆ, ಒಲೆಯ ತನಕ. ಮನೆಯಲ್ಲಿ ಕೂಸಿತ್ತು ಎಂದು ಲಾವಣಿಕಾರ ಹೇಳುವುದಿಲ್ಲ. ಹಾಲು ಹೋಯಿತು, ಗಂಗಾಳ ಹೋಯಿತು ಎನ್ನುತ್ತಾನೆ. ಕಟ್ಟೆಯ ಮೇಲೆ ಕೂತು ಕೇಳುವ ಹೆಂಗಸಿಗೆ ಉಳಿದದ್ದು ತಿಳಿಯುತ್ತದೆ. ಆ ಹುಡುಗಿಗೆ ಅವತ್ತು ನಾನು ಕೊಡಬೇಕಾಗಿದ್ದ ಉತ್ತರ ಇಷ್ಟಾದರೂ ಆಗಬಹುದಿತ್ತು.

ಹಿಂದಕ್ಕೆ ಹೋದರೆ ನಮ್ಮ ಶಾಸನಗಳಲ್ಲಿ ಯುದ್ಧದ ಸಂಕಟಕ್ಕೆ ಅಚ್ಚುಕಟ್ಟಾದ ಪದಗಳೇ ಇವೆ. ವೀರಗಲ್ಲುಗಳನ್ನು ಓದಿದವರಿಗೆಲ್ಲ ಗೊತ್ತಿರುವಂತೆ, ದನ ಹೊಡೆದುಕೊಂಡು ಹೋದರೆ ತುರುಗೋಳ್, ಊರು ಹಾಳಾದರೆ ಊರಳಿವು, ಹೆಂಗಸರ ಮೇಲೆ ಕೈಮಾಡಿದರೆ ಪೆಣ್ಬುಯ್ಯಲ್. ಹೆಣ್ಣಿನ ಕೂಗು ಕೇಳಿ ಓಡಿಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸುವಷ್ಟು ಆ ಸಮಾಜ ಎಚ್ಚರವಾಗಿತ್ತು. ದನಕ್ಕೆ, ಊರಿಗೆ, ಹೆಣ್ಣಿಗೆ ನಿಂತ ಈ ಹೆಸರುಗಳ ಸಾಲಿನಲ್ಲಿ ಮಗುವಿಗೆಂದು ಅಷ್ಟೇ ಬಳಕೆಯ ಒಂದು ಪದ ನಿಲ್ಲಲಿಲ್ಲ. ಮಗು ಪೆಣ್ಬುಯ್ಯಲಿನೊಳಗೆ, ತಾಯಿಯ ಸೆರಗಿನೊಳಗೆ ಅಡಗಿಹೋಯಿತು ಎಂದು ಊಹಿಸಬಹುದು.

ಹೊಟ್ಟೂರಿನ ಶಾಸನ ಇದಕ್ಕೆ ಅಪವಾದ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಈ ಶಾಸನ ಕ್ರಿ.ಶ. 1007ರದು, ಕಲ್ಯಾಣ ಚಾಲುಕ್ಯರ ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆ. ಚೋಳರ 9 ಲಕ್ಷ ಸೈನ್ಯ ಈಗಿನ ವಿಜಯಪುರ ಜಿಲ್ಲೆಯ ದೋನೂರಿನ ತನಕ ಬಂದು ನಾಡನ್ನು ಸುಲಿದದ್ದನ್ನು, ಹೆಂಗಸರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಕೊಂದದ್ದನ್ನು ಅದು ಹೇಳುತ್ತದೆ. ಮಕ್ಕಳ ಕೊಲೆಯನ್ನು ಯುದ್ಧದ ಒಂದು ಪ್ರತ್ಯೇಕ ಪಾಪವೆಂದು ಹೆಸರಿಟ್ಟು ಹೇಳಿದ ಕನ್ನಡದ ಹಳೆಯ ದಾಖಲೆಗಳಲ್ಲಿ ಇದು ಮುಖ್ಯವಾದದ್ದು. 9 ಲಕ್ಷವೆಂಬ ಸಂಖ್ಯೆಯನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಇನ್ನೊಂದನ್ನೂ ಗಮನಿಸಬೇಕು. ಇದನ್ನು ಬರೆಸಿದ್ದು ಚಾಲುಕ್ಯರ ಕಡೆಯವರು. ಶಾಸನಗಳಲ್ಲಿ ಮಗುವನ್ನು ಕೊಂದವನು ಯಾವತ್ತೂ ಎದುರಿನವನೇ. ಚಾಲುಕ್ಯರ ದಂಡು ಚೋಳನಾಡಿಗೆ ನುಗ್ಗಿದಾಗ ಅಲ್ಲಿಯ ತೊಟ್ಟಿಲುಗಳಿಗೆ ಏನಾಯಿತು ಎಂಬುದನ್ನು ಕನ್ನಡ ಶಾಸನದಲ್ಲಿ ಹುಡುಕುವುದು ವ್ಯರ್ಥ.

ಇನ್ನು ಯಾದವಾಡದ ಕಲ್ಲು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂಡಲಗಿ ತಾಲೂಕಿನಲ್ಲಿ ಒಂದು ಯಾದವಾಡ ಉಂಟು, ಸಿಮೆಂಟ್ ಕಾರ್ಖಾನೆಯಿಂದ ಎಲ್ಲರಿಗೂ ಗೊತ್ತಿರುವ ಊರು. ನಾನು ಹೇಳುತ್ತಿರುವ ಶಿಲ್ಪ ಇರುವುದು ಧಾರವಾಡ ತಾಲೂಕಿನ ಯಾದವಾಡದಲ್ಲಿ. ನಮ್ಮ ಕಡೆಯ ಭಾಷಣಕಾರರು ಎರಡನ್ನೂ ಒಂದು ಮಾಡಿ ಹೇಳುವುದನ್ನು ಎರಡು ಮೂರು ಸಲ ಕೇಳಿದ್ದೇನೆ. 1678ರ ಸುಮಾರಿಗೆ ದಕ್ಷಿಣದ ದಂಡಯಾತ್ರೆಯಿಂದ ಮರಳುತ್ತಿದ್ದ ಶಿವಾಜಿಯ ಪಡೆಗೂ ಬೆಳವಡಿ ಸಂಸ್ಥಾನಕ್ಕೂ ಕಾಳಗವಾಯಿತು. ದೊರೆ ಈಶಪ್ರಭು ಸತ್ತ ಮೇಲೆ ರಾಣಿ ಮಲ್ಲಮ್ಮ ಹೆಂಗಸರ ಪಡೆ ಕಟ್ಟಿಕೊಂಡು ಕಾದಿದಳು. ಮರಾಠಿ ಬಖರಿನಲ್ಲಿ ಆಕೆಯ ಹೆಸರು ಸಾವಿತ್ರಿಬಾಯಿ. ಮುತ್ತಿಗೆ 27 ದಿನ ನಡೆಯಿತೆಂಬ ಮಾತೂ ಅಲ್ಲಿಯದೇ. ಶಿಲ್ಪದ ಮೇಲಿನ ಪಟ್ಟಿಕೆಯಲ್ಲಿ ಶಿವಾಜಿ ಕುದುರೆಯ ಮೇಲಿದ್ದಾನೆ, ಆಯುಧ ಹಿಡಿದಿದ್ದಾನೆ. ಕೆಳಗಿನದರಲ್ಲಿ ಅವನೇ ಕೂತಿದ್ದಾನೆ. ತೊಡೆಯ ಮೇಲೆ ಮಲ್ಲಮ್ಮನ ಕೂಸು, ಕೈಯಲ್ಲಿ ಹಾಲಿನ ಬಟ್ಟಲು.

ಇದನ್ನು ಗೆದ್ದವನ ಔದಾರ್ಯಕ್ಕೆ ಸಾಕ್ಷಿಯಾಗಿ ನೋಡುವುದು ವಾಡಿಕೆ. ಔದಾರ್ಯ ಇದ್ದೇ ಇದೆ. ಸೋತವಳ ಕೂಸಿಗೆ ಹಾಲು ಕುಡಿಸುವುದನ್ನು ಕಲ್ಲಿನಲ್ಲಿ ಕೊರೆಸಲು ಯೋಗ್ಯವಾದ ಕೆಲಸವೆಂದು ಹದಿನೇಳನೆಯ ಶತಮಾನದಲ್ಲಿ ಯಾರೋ ತಿಳಿದರು ಎಂಬುದೇ ದೊಡ್ಡ ಸಂಗತಿ. ಆದರೆ ಮೇಲಿನ ಪಟ್ಟಿಕೆಯಿಂದ ಕೆಳಗಿನದಕ್ಕೆ ಕಣ್ಣಿಳಿಸುವಾಗ ಕುದುರೆಯೂ ಕಾಣುತ್ತದೆ, ಬಟ್ಟಲೂ ಕಾಣುತ್ತದೆ. ನಡುವೆ ಸತ್ತುಹೋದ ಕೂಸಿನ ಅಪ್ಪ ಕಾಣುವುದಿಲ್ಲ. ಆ ಕೂಸಿನ ಪಾಲಿಗೆ ರಕ್ಷಣೆ ಎಂಬುದು ಗೆದ್ದವನ ಮನಸ್ಸಿಗೆ ಬಿಟ್ಟ ವಿಷಯ. ಅವನ ಮನಸ್ಸು ದೊಡ್ಡದಿತ್ತು, ಕೂಸು ಬದುಕಿತು. ಹಲಗಲಿಯಲ್ಲಿ ಗೆದ್ದವರಿಗೆ ಅಂಥ ಮನಸ್ಸು ಇರಲಿಲ್ಲ.

ಕಿತ್ತೂರಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ನನಗೆ ಬೇಕಾದಷ್ಟನ್ನೇ ಹೇಳುತ್ತೇನೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮರಣಶಯ್ಯೆಯಲ್ಲಿ ಮಾಸ್ತಮರಡಿಯ ಗೌಡರ ಮನೆಯ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ. ದತ್ತಕಪತ್ರದ ಸಹಿಯ ಮೇಲೆ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಸಂಶಯ; ದತ್ತು ನಡೆಯುವುದಿಲ್ಲ ಎಂದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಅವನು ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. 1829–30ರಲ್ಲಿ ಸಂಗೊಳ್ಳಿ ರಾಯಣ್ಣ ಬಂಡೆದ್ದಾಗ ಮತ್ತೆ ಅದೇ ಶಿವಲಿಂಗಪ್ಪನ ಹೆಸರು ಮುಂದೆ ಬಂತು. ಈ ಐದಾರು ವರ್ಷಗಳಲ್ಲಿ ಪತ್ರಗಳನ್ನು ಬರೆದಷ್ಟೂ ಬರೆದರು. ದತ್ತಕ ನ್ಯಾಯವೇ, ಸಹಿ ಖರೆಯೇ, ಖಜಾನೆಯ ಬೀಗ ಯಾರ ಕೈಯಲ್ಲಿರಬೇಕು, ಎಲ್ಲದಕ್ಕೂ ಕಾಗದ ಉಂಟು. ಎರಡೂ ಕಡೆಯವರು ಹೊಡೆದಾಡಿದ್ದು ಆ ಹುಡುಗನ ಹೆಸರಿಗೆ. ಹುಡುಗ ಎಲ್ಲಿ ಮಲಗಿದ, ಯಾರನ್ನು ನೆನೆದು ಅತ್ತ ಎಂಬುದು ಯಾರ ಕಚೇರಿಯ ಕೆಲಸವೂ ಆಗಿರಲಿಲ್ಲ.

ಸೆರೆಯ ವಿಷಯದಲ್ಲಿ ಕಿತ್ತೂರು ಒಳ್ಳೆಯ ಹೆಸರು ಉಳಿಸಿಕೊಂಡಿತು ಎನ್ನಬೇಕು. ಅಕ್ಟೋಬರಿನಲ್ಲಿ ಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು, ಸ್ಟೀವನ್‌ಸನ್ ಮತ್ತು ಎಲಿಯಟ್‌ರನ್ನು, ಕೊಲ್ಲದೆ ಡಿಸೆಂಬರಿನಲ್ಲಿ ಬಿಟ್ಟುಕೊಟ್ಟರು. ಆ ಎಲಿಯಟ್ ಆಗ 21ರ ಹುಡುಗ. ಮುಂದೆ ಕನ್ನಡ ನಾಡಿನ 595 ಶಾಸನಗಳನ್ನು ನಕಲು ಮಾಡಿಸಿ ಕೂಡಿಹಾಕಿದ ವಾಲ್ಟರ್ ಎಲಿಯಟ್ ಇವನೇ. ಫ್ಲೀಟ್ ತನ್ನ ಕೆಲಸಕ್ಕೆ ಆ ಸಂಗ್ರಹವನ್ನೇ ಬಳಸಿಕೊಂಡ. ನಮ್ಮ ಕಾಳಗಗಳ ಬಗ್ಗೆ ನಾವು ಓದುವ ಎಷ್ಟೋ ಅಕ್ಷರ ಕಿತ್ತೂರಿನ ರಾಣಿ ಚನ್ನಮ್ಮ ಜೀವ ಉಳಿಸಿದ ಒಬ್ಬ ಸೆರೆಯಾಳಿನ ಕೈ ದಾಟಿ ಬಂದಿದೆ. ಇದು ನನ್ನ ವಿಷಯಕ್ಕೆ ಹೊರಗಿನದು, ಆದರೂ ಹೇಳದೆ ಇರಲಾಗಲಿಲ್ಲ.

ಮಗುವಿನ ಹೆಸರು ಪೂರ್ತಿಯಾಗಿ ದಾಖಲಾದದ್ದು ಅದು ಸ್ವತಃ ಕಾಳಗಕ್ಕಿಳಿದಾಗ. 1942ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದ ಶಾಲೆಯ ಹುಡುಗ ನಾರಾಯಣ ಡೋಣಿಯ ಹೆಸರು ಉತ್ತರ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲಿದೆ. ಆ ದಿನಗಳಲ್ಲಿ ಚೀಟಿ ಸಾಗಿಸಲು, ಪ್ರಭಾತಫೇರಿಯ ಮುಂದೆ ನಡೆಯಲು ಮಕ್ಕಳು ಬೇಕಾಗಿದ್ದರು; ವಾನರಸೇನೆ ಎಂಬ ಹೆಸರನ್ನು ನಮ್ಮ ಹಿರಿಯರು ಅಭಿಮಾನದಿಂದಲೇ ಹೇಳುತ್ತಾರೆ. ಅದು ಸಶಸ್ತ್ರ ಸಂಘರ್ಷ ಆಗಿರಲಿಲ್ಲ, ಒಂದೇ ಕಡೆಯವರ ಕೈಯಲ್ಲಿ ಬಂದೂಕಿತ್ತು. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರರು ಕಲಿಸಿದ್ದೂ ಆಯುಧವಿಲ್ಲದ ಕವಾಯತನ್ನೇ. ಹಾಗಿದ್ದರೂ ಇಂದಿನ ಕಾನೂನಿನ ಕಣ್ಣಿನಿಂದ ನೋಡಿದರೆ ಇಲ್ಲಿ ಒಂದು ಇರುಸುಮುರುಸು ಇದೆ. ನಾವು ಹುತಾತ್ಮನೆಂದು ಹಾರ ಹಾಕುವ ಹುಡುಗನನ್ನು, ದೊಡ್ಡವರು ಅವತ್ತು ಮನೆಗೆ ಕಳಿಸಬೇಕಾಗಿತ್ತಲ್ಲವೇ ಎಂದು ಕಾನೂನು ಕೇಳುತ್ತದೆ. ನನಗೆ ಎರಡೂ ಸರಿ ಎನಿಸುತ್ತವೆ, ಎರಡನ್ನೂ ಹೊಂದಿಸಿ ಒಂದು ವಾಕ್ಯ ಬರೆಯಲು ಬಂದಿಲ್ಲ.

ಆ ಕಾನೂನಿಗೆ ಬರೋಣ. ಕಿತ್ತೂರಿನ ದತ್ತಕವಾಗಿ ಸರಿಯಾಗಿ ನೂರು ವರ್ಷಕ್ಕೆ, 1924ರ ಸೆಪ್ಟೆಂಬರ್ 26ರಂದು, ರಾಷ್ಟ್ರಸಂಘ ಜಿನೀವಾದಲ್ಲಿ ಮಕ್ಕಳ ಹಕ್ಕುಗಳ ಘೋಷಣೆಯನ್ನು ಒಪ್ಪಿತು. ಮೊದಲ ಮಹಾಯುದ್ಧದ ಹಸಿದ ಮಕ್ಕಳನ್ನು ಕಂಡು ಅದನ್ನು ಬರೆದವಳು ಎಗ್ಲಾಂಟೈನ್ ಜೆಬ್. ಸಂಕಟದ ಕಾಲದಲ್ಲಿ ಮೊದಲ ನೆರವು ಮಗುವಿಗೆ ಸಲ್ಲಬೇಕು ಎಂಬುದು ಅದರ ಒಂದು ಅಂಶ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ ಸೇರಿದ್ದು 1992ರ ಡಿಸೆಂಬರ್‌ನಲ್ಲಿ. ಸಶಸ್ತ್ರ ಸಂಘರ್ಷದಲ್ಲಿ ಮಕ್ಕಳನ್ನು ತೊಡಗಿಸುವುದರ ವಿರುದ್ಧದ ಐಚ್ಛಿಕ ಒಪ್ಪಂದ 2000ದಲ್ಲಿ ಬಂತು. ಭಾರತ ಅದನ್ನು 2005ರ ನವೆಂಬರ್ 30ರಂದು ಸ್ಥಿರೀಕರಿಸಿತು. ಆಗ ನಮ್ಮ ಸರಕಾರ ಕೊಟ್ಟ ಹೇಳಿಕೆ ಬೆಳಗಾವಿ ಜಿಲ್ಲೆಯವರು ಓದಬೇಕಾದದ್ದು, ಯಾಕೆಂದರೆ ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ, ಭರ್ತಿ ಮೇಳ ಎಂದರೆ ಗೋಕಾಕ, ಹುಕ್ಕೇರಿಯ ಹುಡುಗರು ನಸುಕಿನಲ್ಲೇ ಓಡುವ ಅಭ್ಯಾಸ ಶುರು ಮಾಡುತ್ತಾರೆ. ಸೇರ್ಪಡೆಯ ಕನಿಷ್ಠ ವಯಸ್ಸು 16; ತರಬೇತಿಯ ನಂತರ 18 ತುಂಬಿದ ಮೇಲಷ್ಟೇ ಕಾರ್ಯಾಚರಣೆಯ ಕ್ಷೇತ್ರಕ್ಕೆ ಕಳಿಸಲಾಗುತ್ತದೆ ಎಂಬುದು ಆ ಹೇಳಿಕೆ. ಇವತ್ತಿನ ಅಗ್ನಿಪಥದಲ್ಲಿ ಕೆಳಗಿನ ಮಿತಿ ಹದಿನೇಳೂವರೆ. ಸರಕಾರದ ಸೈನ್ಯಕ್ಕೆ ಇಷ್ಟು ಸಡಿಲು ಕೊಟ್ಟ ಒಪ್ಪಂದ, ಬಂಡುಕೋರ ಗುಂಪುಗಳಿಗೆ 18ರ ಕೆಳಗೆ ಯಾರನ್ನೂ ಸೇರಿಸಿಕೊಳ್ಳಬಾರದೆಂದು ಹೇಳಿತು. ನಮ್ಮ 2015ರ ಬಾಲನ್ಯಾಯ ಕಾಯ್ದೆಯ 83ನೆಯ ಕಲಮು ಅಂಥ ಗುಂಪುಗಳಿಗೆ 7 ವರ್ಷದವರೆಗಿನ ಕಠಿಣ ಸೆರೆವಾಸ, 5 ಲಕ್ಷ ರೂಪಾಯಿ ದಂಡ ವಿಧಿಸುತ್ತದೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ 2005ರ ಭದ್ರತಾ ಮಂಡಳಿಯ 1612ನೆಯ ನಿರ್ಣಯದಿಂದ ಬಂದದ್ದು. ಕೊಲೆ ಮತ್ತು ಅಂಗಹೀನತೆ, ಸೈನ್ಯಕ್ಕೆ ಸೇರಿಸುವುದು, ಲೈಂಗಿಕ ಹಿಂಸೆ, ಅಪಹರಣ, ಶಾಲೆ–ಆಸ್ಪತ್ರೆಗಳ ಮೇಲಿನ ದಾಳಿ, ನೆರವಿಗೆ ಅಡ್ಡಿ: ಈ ಆರನ್ನೂ ಮಕ್ಕಳ ಮಟ್ಟಿಗೆ ಬೇರೆಯಾಗಿ ಎಣಿಸುವ, ಒಂದೊಂದನ್ನೂ ತಾಳೆ ನೋಡಿ ಬರೆಯುವ ವ್ಯವಸ್ಥೆ ಅಲ್ಲಿಂದ ಶುರುವಾಯಿತು. 2024ರ ಒಂದೇ ವರ್ಷದಲ್ಲಿ ಹೀಗೆ ಖಚಿತಪಟ್ಟ ಪ್ರಕರಣಗಳು 41,370. ಭಾರತದ ಹೆಸರು ಜಮ್ಮು–ಕಾಶ್ಮೀರದ ಕಾರಣಕ್ಕೆ ಹಲವು ವರ್ಷ ಈ ವ್ಯವಸ್ಥೆಯ ವಾರ್ಷಿಕ ವರದಿಯಲ್ಲಿ ಬರುತ್ತಿತ್ತು, 2023ರಲ್ಲಿ ಕೈಬಿಡಲಾಯಿತು. ಎಣಿಸಿದ ಮಾತ್ರಕ್ಕೆ ಗುಂಡು ನಿಲ್ಲುವುದಿಲ್ಲ ಎಂಬ ಆಕ್ಷೇಪವಿದೆ, ಅದು ನಿಜವೂ ಹೌದು. ಹಲಗಲಿಯ 290ರ ಮುಂದೆ ಕೂತು ಅದರಲ್ಲಿ ಕೂಸುಗಳೆಷ್ಟು ಎಂದು ತಲೆ ಕೆರೆದುಕೊಂಡವನಿಗೆ ಮಾತ್ರ ಆ ಕಾಲಂನ ಬೆಲೆ ಗೊತ್ತು.

2025ರ ಮೇ 7ರಂದು ಗೋಕಾಕ ತಾಲೂಕಿನ ಕೊಣ್ಣೂರಿನವರು ಟಿವಿಯ ಮುಂದೆ ಕೂತದ್ದು ತಮ್ಮೂರ ಸೊಸೆ ಕರ್ನಲ್ ಸೋಫಿಯಾ ಕುರೇಶಿ ದೇಶಕ್ಕೆ ಸೈನ್ಯದ ಕಾರ್ಯಾಚರಣೆಯ ವಿವರ ಕೊಡುವುದನ್ನು ನೋಡಲು. ಊರಿಗೆ ಅದು ಹಬ್ಬ. ಅದೇ ದಿನ ಗಡಿಯಾಚೆಯಿಂದ ಬಿದ್ದ ಶೆಲ್ಲುಗಳಿಗೆ ಪೂಂಛ್‌ನಲ್ಲಿ ಸತ್ತ ನಾಗರಿಕರಲ್ಲಿ ಮಕ್ಕಳೂ ಇದ್ದರು. ಘಟಪ್ರಭೆಯ ದಂಡೆಗೆ ಯುದ್ಧ ಈಗ ಬರುವುದು ಹೀಗೆ, ಪರದೆಯ ಮೇಲೆ ಅಥವಾ ರಜೆಗೆ ಬಂದ ಮಗನ ಮಾತಿನಲ್ಲಿ.

ಬಾಲನ್ಯಾಯ ಕಾಯ್ದೆಯ ಇನ್ನೊಂದು ಕಡೆ, ಆರೈಕೆ ಮತ್ತು ರಕ್ಷಣೆ ಬೇಕಾದ ಮಗು ಯಾರು ಎಂದು ಹೇಳುವ ಎರಡನೆಯ ಕಲಮಿನಲ್ಲಿ, ಸಶಸ್ತ್ರ ಸಂಘರ್ಷ, ನಾಗರಿಕ ಗಲಭೆ, ಪ್ರಕೃತಿ ವಿಕೋಪ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಗೋಕಾಕದವರಿಗೆ ಈ ಸಾಲಿನ ಅರ್ಥ ಹೊಳೆಯಿಂದ ಗೊತ್ತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಊರೊಳಗೆ ನುಗ್ಗಿದಾಗ ಶಾಲೆಗಳೇ ಗಂಜಿ ಕೇಂದ್ರಗಳಾದವು. ಕರಿಹಲಗೆಯ ಕೆಳಗೆ ಕೌದಿ ಹಾಸಿ ಮಕ್ಕಳು ಮಲಗಿದರು. ಪಾಠ ನಿಂತು, ಮನೆ ಬಿದ್ದು, ದಾಖಲೆಪತ್ರ ನೀರುಪಾಲಾದ ಮಗು, ಕಾಯ್ದೆಯ ಮಟ್ಟಿಗೆ, ಶೆಲ್ಲಿಗೆ ಮನೆ ಕಳೆದುಕೊಂಡ ಮಗುವಿನ ಪಕ್ಕದಲ್ಲೇ ನಿಲ್ಲುತ್ತದೆ. ತಂದೆ–ತಾಯಿಯಿಂದ ಬೇರೆಯಾದ ಅಂಥ ಮಗುವನ್ನು 24 ತಾಸಿನೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಲ್ಲಿ ಬರೆಸಬೇಕಾದ ಮೊದಲ ವಿವರ ಹೆಸರು, ಎರಡನೆಯದು ವಯಸ್ಸು.

ಹೆಸರು, ವಯಸ್ಸು ಎರಡನ್ನೂ ಇಟ್ಟುಕೊಂಡ ಇನ್ನೊಂದು ಪರಂಪರೆ ನಮ್ಮಲ್ಲೇ ಇದೆ, ಅದನ್ನು ನಾನು ತಡವಾಗಿ ಗಮನಿಸಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಮೊಹರಮ್ಮಿಗೆ ರಿವಾಯತ್ ಪದ ಹಾಡುವ ಮೇಳಗಳಿವೆ. ಹಾಡುವವರಲ್ಲಿ ಮುಸಲ್ಮಾನರಷ್ಟೇ ಹಿಂದೂಗಳೂ ಇರುತ್ತಾರೆ; ಭಾಷೆ ಅಪ್ಪಟ ಇಲ್ಲಿಯ ಕನ್ನಡ. ಕ್ರಿ.ಶ. 680ರ ಕರ್ಬಲಾದ ಕಥೆ ಅದು. ಹೊಳೆ ಕಣ್ಣೆದುರಿಗೇ ಹರಿಯುತ್ತಿದ್ದರೂ ಹುಸೇನರ ಬಿಡಾರಕ್ಕೆ ನೀರು ಬಿಡಲಿಲ್ಲ. ಅಪ್ಪ ಕೈಯಲ್ಲಿ ಎತ್ತಿ ಹಿಡಿದು ಒಂದು ಗುಟುಕು ನೀರು ಬೇಡಿದ ಕೂಸಿನ ಕೊರಳಿಗೆ ಬಾಣ ಬಂತು. ಕೂಸಿನ ಹೆಸರು ಅಲಿ ಅಸ್ಗರ್, ವಯಸ್ಸು ಆರು ತಿಂಗಳು ಎಂದು ಆ ಪರಂಪರೆ ಹದಿಮೂರು ಶತಮಾನದಿಂದ ಲೆಕ್ಕ ಇಟ್ಟಿದೆ. ಆ ದಿನಗಳಲ್ಲಿ ಪಂಜಾಗಳ ಮುಂದೆ ದೊಡ್ಡ ಹಂಡೆಯಲ್ಲಿ ಬೆಲ್ಲದ ಶರಬತ್ತು ಕಲಸಿಟ್ಟು ಹಂಚುತ್ತಾರೆ. ಸಾಲಿನಲ್ಲಿ ಸಣ್ಣ ಹುಡುಗರನ್ನು ಮುಂದೆ ಬಿಡುತ್ತಾರೆ. ಅಂಥ ಒಂದು ಸಾಲಿನ ಪಕ್ಕ ನಿಂತಿದ್ದಾಗ ಒಬ್ಬ ಮುದುಕ ಲೋಟ ತುಂಬಿ ಕೊಡುತ್ತ, “ಸಾವಕಾಶ ಕುಡೀರಿ, ಇನ್ನ ಭಾಳ ಐತಿ” ಅನ್ನುತ್ತಿದ್ದ.